ಫಿಲ್ಮ್ ಕ್ಯಾಮೆರಾನೋ ಡಿಜಿಟಲ್ಲೋ: ಪದೇ ಪದೇ ಕೇಳುವ ಪ್ರಶ್ನೆಗಳು

ಬೀರುವಿನಲ್ಲಿ ಮಲಗಿದ್ದ ಫಿಲ್ಮ್ ಕ್ಯಾಮೆರಾಗಳು ಮತ್ತೆ ಎದ್ದು ಕೂತಿವೆ. ಇಪ್ಪತ್ತರ ಹುಡುಗ ಹುಡುಗಿಯರು ರೀಲ್ ಎಲ್ಲಿ ಸಿಗುತ್ತೆ ಅಂತ ಕೇಳುತ್ತಾರೆ. ಐವತ್ತು ದಾಟಿದವರು, "ಅಯ್ಯೋ, ಅದನ್ನು ಬಿಟ್ಟಿದ್ದೇ ಒಳ್ಳೇದಾಯ್ತು" ಅನ್ನುತ್ತಾರೆ. ನಾನು ಎರಡನ್ನೂ ಬಳಸುತ್ತೇನೆ, ಆದರೆ ಒಂದೇ ಕೆಲಸಕ್ಕಲ್ಲ. ಉತ್ತರಗಳಲ್ಲಿ ನನ್ನ ಒಲವು ಅಲ್ಲಲ್ಲಿ ಇಣುಕುತ್ತದೆ. ಒಪ್ಪಲೇಬೇಕು ಅಂತೇನಿಲ್ಲ.

ಈಗಷ್ಟೇ ಫೋಟೋಗ್ರಫಿ ಶುರು ಮಾಡುತ್ತಿದ್ದೇನೆ. ಯಾವುದು ತಗೊಳ್ಳಲಿ?

ಡಿಜಿಟಲ್. ಅದೂ ಸೆಕೆಂಡ್ ಹ್ಯಾಂಡ್. ಎಲ್ಲರೂ ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ಹೊರಟಿರುವುದರಿಂದ ಕನ್ನಡಿಯಿರುವ ಒಳ್ಳೊಳ್ಳೇ ಡಿಎಸ್‌ಎಲ್‌ಆರ್‌ಗಳು ಕಡಿಮೆ ಬೆಲೆಗೆ ಬರುತ್ತಿವೆ. ಅಂಥದ್ದೊಂದು ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ), ಜೊತೆಗೊಂದು 50 ಎಂಎಂ ಎಫ್/1.8 ಲೆನ್ಸ್ ಇದ್ದರೆ ಮೊದಲ ಒಂದೆರಡು ವರ್ಷಕ್ಕೆ ಧಾರಾಳವಾಯಿತು.

ಮನೆಯಲ್ಲೇ ಚೆನ್ನಾಗಿರುವ ಫಿಲ್ಮ್ ಕ್ಯಾಮೆರಾ ಸುಮ್ನೆ ಕೂತಿದ್ದರೆ ಒಂದು ರೀಲ್ ಹಾಕಿ ನೋಡಿ. ಅದಕ್ಕಾಗಿಯೇ ದುಡ್ಡು ಹಾಕಿ ಹೊಸದಾಗಿ ಕೊಳ್ಳುವ ಆತುರ ಬೇಡ.

ಫಿಲ್ಮ್‌ನಲ್ಲಿ ಕಲಿತರೆ ಶಿಸ್ತು ಬರುತ್ತೆ, ಚೆನ್ನಾಗಿ ಕಲಿಯಬಹುದು ಅಂತಾರಲ್ಲ?

ಅರ್ಧ ನಿಜ. ಒಂದು ರೀಲಿನಲ್ಲಿ 36 ಫೋಟೋ ಮಾತ್ರ ಇವೆ ಅಂದಾಗ ಕ್ಲಿಕ್ ಮಾಡುವ ಮೊದಲು ಯೋಚಿಸುತ್ತೀರಿ, ಸರಿ. ಆದರೆ ಕಲಿಯುವವರಿಗೆ ಬೇಕಾದದ್ದು ಬೇಗ ಸಿಗುವ ಉತ್ತರ. ಹಿನ್ನೆಲೆ ಯಾಕೆ ಮಸುಕಾಯಿತು, ಮುಖ ಯಾಕೆ ಕಪ್ಪಾಯಿತು ಅನ್ನುವುದು ಡಿಜಿಟಲ್‌ನಲ್ಲಿ ಆ ಕ್ಷಣವೇ ಗೊತ್ತಾಗುತ್ತದೆ. ಯಾವ ಸ್ಪೀಡು (ಬೆಳಕನ್ನು ಎಷ್ಟು ಹೊತ್ತು ಒಳಗೆ ಬಿಟ್ಟಿರಿ), ಯಾವ ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ಅಗಲ) ಅನ್ನುವುದನ್ನೂ ಫೈಲೇ ಹೇಳುತ್ತದೆ. ಫಿಲ್ಮ್‌ನಲ್ಲಿ ಉತ್ತರ ಬರುವುದು ಎರಡು ವಾರ ಬಿಟ್ಟು. ಅಷ್ಟರಲ್ಲಿ ಏನು ಸೆಟ್ಟಿಂಗ್ ಇಟ್ಟಿದ್ದೆವು ಅನ್ನುವುದೇ ಮರೆತಿರುತ್ತದೆ. ಫಿಲ್ಮ್‌ನಲ್ಲೇ ಕಲಿಯುವ ಹಟವಿದ್ದರೆ ಜೇಬಿನಲ್ಲಿ ಪುಟ್ಟ ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಫೋಟೋದ ಲೆಕ್ಕ ಬರೆಯಿರಿ. ಬರೆಯದೆ ಹತ್ತು ರೀಲ್ ಮುಗಿಸಿದರೆ ಕಲಿಯುವುದು ಕಡಿಮೆ, ಖರ್ಚು ಜಾಸ್ತಿ.

ಶಿಸ್ತು ಬೇಕಿದ್ದರೆ ಡಿಜಿಟಲ್ ಕ್ಯಾಮೆರಾದ ಪರದೆ ಆರಿಸಿ, ದಿನಕ್ಕೆ 36 ಅಂತ ಮಿತಿ ಹಾಕಿಕೊಳ್ಳಿ. ಯಾರು ಬೇಡ ಅಂದವರು?

ಖರ್ಚಿನ ಲೆಕ್ಕ ಹೇಳಿ.

ದರ ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಲೆಕ್ಕದ ದಾರಿ ಮಾತ್ರ ಒಂದೇ. ಒಂದು ಕಲರ್ ರೀಲಿಗೆ 1,000 ರೂಪಾಯಿ, ಲ್ಯಾಬಿನಲ್ಲಿ ತೊಳೆಸಿ (ಅಂದರೆ ಡೆವಲಪ್ ಮಾಡಿಸಿ) ಸ್ಕ್ಯಾನ್ ಮಾಡಿಸಲು 600 ಅಂತ ಇಟ್ಟುಕೊಳ್ಳೋಣ. 1,600ನ್ನು 36ರಿಂದ ಭಾಗಿಸಿದರೆ ಫೋಟೋ ಒಂದಕ್ಕೆ ಸುಮಾರು 44 ರೂಪಾಯಿ. ಅದರಲ್ಲಿ ಕಣ್ಣು ಮುಚ್ಚಿದ್ದು, ಅಲುಗಾಡಿದ್ದು ಎಲ್ಲ ಸೇರಿ. ತಿಂಗಳಿಗೆ ಎರಡು ರೀಲ್ ಅಂದರೆ ವರ್ಷಕ್ಕೆ 38,400. ಆ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಸೆಟ್ ಒಂದು ಮನೆಗೆ ಬರುತ್ತದೆ.

ಇನ್ನೊಂದು ಕಡೆಯಿಂದಲೂ ನೋಡಿ. ಎರಡು ತಿಂಗಳಿಗೊಂದು ರೀಲ್ ಮಾತ್ರ ಸಾಕು ಅನ್ನುವವರಿಗೆ ಫಿಲ್ಮ್ ದುಬಾರಿ ಅಲ್ಲವೇ ಅಲ್ಲ. ಹೊಸ ಬಾಡಿ ಬಂತು, ಹೊಸ ಲೆನ್ಸ್ ಬಂತು ಅಂತ ವರ್ಷ ವರ್ಷ ಕೈ ಕಡಿಯುವ ಡಿಜಿಟಲ್ ಗೆಳೆಯರಿಗಿಂತ ಇವರು ಆರಾಮಾಗಿರುತ್ತಾರೆ. ಕಪ್ಪು ಬಿಳುಪು ಫಿಲ್ಮನ್ನು ಮನೆಯಲ್ಲೇ ತೊಳೆದರೆ ಖರ್ಚು ಇನ್ನೂ ಇಳಿಯುತ್ತದೆ.

ಫಿಲ್ಮ್‌ನ ಆ ಬಣ್ಣ, ಆ ಲುಕ್ ಡಿಜಿಟಲ್‌ನಲ್ಲಿ ಬರುವುದಿಲ್ಲ ಅಲ್ವಾ?

ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು. ಜಾಸ್ತಿ ಜನ ಎಡವುವುದು ಇಲ್ಲೇ.

ಇನ್‌ಸ್ಟಾಗ್ರಾಮ್‌ನಲ್ಲಿ ನೀವು ನೋಡುವ "ಫಿಲ್ಮ್ ಫೋಟೋ" ಫಿಲ್ಮ್ ಅಲ್ಲ, ಅದರ ಸ್ಕ್ಯಾನ್. ಕಲರ್ ನೆಗೆಟಿವ್ ಕೈಯಲ್ಲಿ ಹಿಡಿದು ನೋಡಿ. ಮೈಯೆಲ್ಲ ಕಿತ್ತಳೆ, ಬಣ್ಣಗಳೆಲ್ಲ ತಿರುಗುಮುರುಗು. ಆ ಕಿತ್ತಳೆಯನ್ನು ಎಷ್ಟು ಕಳೆಯಬೇಕು, ನೆರಳು ಎಷ್ಟು ಎತ್ತಬೇಕು ಅನ್ನುವುದನ್ನು ತೀರ್ಮಾನಿಸುವುದು ಸ್ಕ್ಯಾನರ್ ಮತ್ತು ಅದರ ಮುಂದೆ ಕೂತವರು. ಒಂದೇ ನೆಗೆಟಿವ್ ಪಟ್ಟಿಯನ್ನು ಎರಡು ಲ್ಯಾಬಿಗೆ ಕೊಟ್ಟು ನೋಡಿದ್ದೇನೆ. ಹಂಚಿನ ಮನೆ, ಪಕ್ಕದಲ್ಲಿ ಅಡಿಕೆ ತೋಟ, ಮೇಲೆ ಬಿಳಿ ಮೋಡ. ಮೊದಲನೆಯದರಲ್ಲಿ ಸೂರಿನ ನೆರಳು ಹಸಿರು ತಿರುಗಿತ್ತು, ಮೋಡ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಎರಡನೆಯದರಲ್ಲಿ ಮೋಡದ ಪದರಗಳೆಲ್ಲ ಬಿಡಿಬಿಡಿಯಾಗಿ ಬಂದವು, ಹಂಚಿನ ಪಾಚಿಯೂ ಕಂಡಿತು. ರೀಲ್ ಅದೇ, ಕ್ಯಾಮೆರಾ ಅದೇ.

ಹಾಗಾಗಿ ಫಿಲ್ಮ್ ಆರಿಸುವ ಮೊದಲು ಲ್ಯಾಬ್ ಆರಿಸಿ ಅನ್ನುತ್ತೇನೆ. ಒಳ್ಳೇ ಲ್ಯಾಬ್ ಕೈಗೆ ಸಿಗದಿದ್ದರೆ ಡಿಜಿಟಲ್ ಕ್ಯಾಮೆರಾದ ರಾ ಫೈಲ್‌ನಿಂದ (ಕ್ಯಾಮೆರಾ ಬಣ್ಣ ತಿದ್ದದೆ ಇಟ್ಟ ಫೈಲು) ನಿಮಗೆ ಬೇಕಾದ ಬಣ್ಣ ತೆಗೆಯುವುದು ಇದಕ್ಕಿಂತ ಎಷ್ಟೋ ಸುಲಭ. ಫ್ಯೂಜಿಫಿಲ್ಮ್ ಕ್ಯಾಮೆರಾಗಳಲ್ಲಂತೂ ಆ ಕಂಪನಿಯದೇ ಹಳೇ ಫಿಲ್ಮ್‌ಗಳ ಬಣ್ಣವನ್ನು ಅನುಸರಿಸುವ ಸೆಟ್ಟಿಂಗ್‌ಗಳೇ ಇವೆ.

ಹಾಗಂತ ವ್ಯತ್ಯಾಸವೇ ಇಲ್ಲ ಅಂತಲ್ಲ. ನೆಗೆಟಿವ್ ಫಿಲ್ಮ್ ಜಾಸ್ತಿ ಬೆಳಕನ್ನು ತಾಳಿಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ಬಿಳಿ ಪಂಚೆ ಉಟ್ಟವರ ಫೋಟೋ ತೆಗೆದರೆ ಪಂಚೆಯ ಮಡಿಕೆ ಉಳಿಯುತ್ತದೆ. ಡಿಜಿಟಲ್‌ನಲ್ಲಿ ಬಿಳಿ ಒಮ್ಮೆ ಸುಟ್ಟುಹೋದರೆ ಹೋಯಿತು, ಮತ್ತೆ ಬರುವುದಿಲ್ಲ. ನೆರಳಿನ ವಿಷಯದಲ್ಲಿ ಇದು ಉಲ್ಟಾ. ಕತ್ತಲಾದ ಡಿಜಿಟಲ್ ಫೈಲಿನಿಂದ ವಿವರ ಎತ್ತಬಹುದು, ಬೆಳಕು ಸಾಲದ ನೆಗೆಟಿವ್‌ನಲ್ಲಿ ಎತ್ತಲು ಏನೂ ಇರುವುದಿಲ್ಲ. ಅದಕ್ಕೇ ಹಳಬರು ನೆಗೆಟಿವ್‌ಗೆ ನೆರಳು ನೋಡಿ ಬೆಳಕು ಅಳೆಯುತ್ತಿದ್ದರು. ಡಿಜಿಟಲ್‌ಗೂ ಸ್ಲೈಡ್ ಫಿಲ್ಮ್‌ಗೂ (ತೊಳೆದಾಗ ನೆಗೆಟಿವ್ ಬದಲು ನೇರ ಚಿತ್ರವೇ ಬರುವ ಫಿಲ್ಮ್) ಬಿಳಿ ಭಾಗ ನೋಡಿ ಅಳೆಯಬೇಕು.

ಫಿಲ್ಮ್ ಎಷ್ಟು ಮೆಗಾಪಿಕ್ಸೆಲ್?

ಸ್ಕ್ಯಾನ್ ಎಷ್ಟೋ ಅಷ್ಟು. ಲ್ಯಾಬಿನವರು ಮಾಮೂಲಿ ದರಕ್ಕೆ ಕೊಡುವ ಸ್ಕ್ಯಾನ್ 6 ಮೆಗಾಪಿಕ್ಸೆಲ್ ಆಸುಪಾಸಿನಲ್ಲಿರುತ್ತದೆ, ಕೆಲವೊಮ್ಮೆ ಅದಕ್ಕೂ ಕಡಿಮೆ. ಮೊಬೈಲ್‌ಗೆ, ಸಣ್ಣ ಪ್ರಿಂಟಿಗೆ ಸಾಕು. ದೊಡ್ಡದು ಬೇಕಿದ್ದರೆ ಜಾಸ್ತಿ ಕೊಡಬೇಕು, ಇಲ್ಲವೇ ಮ್ಯಾಕ್ರೋ ಲೆನ್ಸ್ ಮತ್ತು ಲೈಟ್ ಪ್ಯಾನೆಲ್ ಇಟ್ಟುಕೊಂಡು ಡಿಜಿಟಲ್ ಕ್ಯಾಮೆರಾದಿಂದಲೇ ನೆಗೆಟಿವ್ ಫೋಟೋ ತೆಗೆಯಬೇಕು. ಹೌದು, ಫಿಲ್ಮ್ ಚೆನ್ನಾಗಿ ಕಾಣಬೇಕಾದರೆ ಡಿಜಿಟಲ್ ಕ್ಯಾಮೆರಾ ಬೇಕು!

ಮನೆಯಲ್ಲಿ ಅಪ್ಪನ ಹಳೇ ಕ್ಯಾಮೆರಾ ಇದೆ. ಕೆಲಸ ಮಾಡುತ್ತಾ ಅಂತ ಹೇಗೆ ನೋಡೋದು?

ನಮ್ಮ ಕಡೆ ಬೀರುಗಳಲ್ಲಿ ಜಾಸ್ತಿ ಸಿಗುವುದು ಅಗ್ಫಾ ಕ್ಲಿಕ್ 3, ಹಾಟ್ ಶಾಟ್, ಯಾಶಿಕಾ. ಅಗ್ಫಾ ಕ್ಲಿಕ್ 3 ಬೇರೆಯೇ ಜಾತಿ. ಅದಕ್ಕೆ 35 ಎಂಎಂ ರೀಲ್ ಹಿಡಿಯುವುದಿಲ್ಲ. 120 ಸೈಜಿನ ಅಗಲ ಫಿಲ್ಮ್ ಬೇಕು, ಬರುವುದು 12 ಚೌಕ ಫೋಟೋ.

ಮೊದಲು ಬ್ಯಾಟರಿ ಮುಚ್ಚಳ ತೆರೆಯಿರಿ. ಹಸಿರು, ಬಿಳಿ ಹುಡಿ ಕಂಡರೆ ಬ್ಯಾಟರಿ ಸೋರಿದೆ. ಹತ್ತಿಯ ಕಡ್ಡಿಗೆ ಸ್ವಲ್ಪ ವಿನೆಗರ್ ಹಚ್ಚಿ ಒರೆಸಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಎಪ್ಪತ್ತರ ದಶಕದ ಕೆಲವು ಕ್ಯಾಮೆರಾಗಳು 1.35 ವೋಲ್ಟಿನ ಮರ್ಕ್ಯುರಿ ಬ್ಯಾಟರಿ ಕೇಳುತ್ತವೆ. ಅದು ಈಗ ತಯಾರಾಗುವುದಿಲ್ಲ. 1.5 ವೋಲ್ಟಿನದು ಹಾಕಿದರೆ ಬೆಳಕು ಅಳೆಯುವ ಮೀಟರ್ ತಪ್ಪು ತೋರಿಸಬಹುದು. ಕಿವಿಯ ಮಷೀನಿಗೆ ಹಾಕುವ ಜಿಂಕ್-ಏರ್ ಬ್ಯಾಟರಿ 1.4 ವೋಲ್ಟ್, ಸುತ್ತ ಒಂದು ರಿಂಗ್ ಕೂರಿಸಿದರೆ ಕೆಲಸ ನಡೆಯುತ್ತದೆ.

ಆಮೇಲೆ ಹಿಂದಿನ ಬಾಗಿಲು ತೆರೆಯಿರಿ. ಒಳಗೆ ರೀಲ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಮಾತ್ರ! ಬಾಗಿಲ ಅಂಚಿನ ಕಪ್ಪು ಸ್ಪಂಜನ್ನು ಬೆರಳಿನಿಂದ ಮುಟ್ಟಿ. ಟಾರಿನಂತೆ ಅಂಟಿದರೆ ಅದು ಸತ್ತಿದೆ, ಬೆಳಕು ಒಳಗೆ ಸೋರುತ್ತದೆ. ಅದನ್ನು ಬದಲಿಸುವುದು ಅಗ್ಗದ ಕೆಲಸ. ಬಿ ಅಂತ ಇರುವ ಸ್ಪೀಡಿಗೆ ಇಟ್ಟು, ಬಟನ್ ಒತ್ತಿ ಹಿಡಿದು, ಹಿಂದಿನಿಂದ ಲೆನ್ಸಿಗೆ ಟಾರ್ಚ್ ಹಾಕಿ. ಜೇಡರ ಬಲೆಯಂಥ ಸಣ್ಣ ಗೆರೆ ಕಂಡರೆ ಫಂಗಸ್. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಮಿನುಗಬಾರದು. ಕೊನೆಗೆ 1 ಸೆಕೆಂಡ್, 1/2, 1/4 ಅಂತ ಒಂದೊಂದೇ ಸ್ಪೀಡ್ ಬದಲಿಸಿ ಕಿವಿಗೊಟ್ಟು ಕೇಳಿ. ಪ್ರತಿಯೊಂದೂ ಹಿಂದಿನದರ ಅರ್ಧ ಹೊತ್ತು ಇರಬೇಕು. ಒಂದು ಸೆಕೆಂಡು ಅಂದದ್ದು ಎಳೆದಾಡಿ ಮೂರಾದರೆ ಒಳಗಿನ ಗ್ರೀಸ್ ಗಟ್ಟಿಯಾಗಿದೆ, ರಿಪೇರಿಗೆ ಹೋಗಬೇಕು.

ಇಷ್ಟರಲ್ಲಿ ಪಾಸಾದರೆ ಅಗ್ಗದ ಒಂದು ರೀಲ್ ಹಾಕಿ. ಅಜ್ಜಿಯ ಎಂಬತ್ತರ ಹುಟ್ಟುಹಬ್ಬಕ್ಕೆ ನೇರ ತಗೊಂಡು ಹೋಗಬೇಡಿ.

ಕೊಳ್ಳಲೇಬೇಕು ಅಂದರೆ ಯಾವ ಫಿಲ್ಮ್ ಕ್ಯಾಮೆರಾ?

ಪೆಂಟಾಕ್ಸ್ ಕೆ1000 ನನ್ನ ಮೊದಲ ಸಲಹೆ. 1976ರಿಂದ 1997ರವರೆಗೆ ತಯಾರಾಯಿತು, ಬೇಡದ್ದು ಒಂದೂ ಅದರಲ್ಲಿಲ್ಲ. ಕೈಯಲ್ಲಿ ಸ್ವಲ್ಪ ಜಾಸ್ತಿ ದುಡ್ಡಿದ್ದರೆ ನಿಕಾನ್ ಎಫ್‌ಎಂ2. ಅದರ ಶಟರ್ (ಬೆಳಕಿಗೆ ತೆರೆದು ಮುಚ್ಚುವ ಪರದೆ) ಬ್ಯಾಟರಿ ಇಲ್ಲದೆಯೂ 1/4000 ಸೆಕೆಂಡಿನವರೆಗೆ ಓಡುತ್ತದೆ, ಬ್ಯಾಟರಿ ಬೇಕಾಗುವುದು ಮೀಟರಿಗೆ ಮಾತ್ರ. ಕ್ಯಾನನ್ ಎಇ-1 ನೋಡಲು ಚೆಂದ, ಹೆಸರೂ ದೊಡ್ಡದು, ಆದರೆ ಬ್ಯಾಟರಿ ಸತ್ತರೆ ಕ್ಯಾಮೆರಾನೂ ಸತ್ತಂತೆ. ಕ್ಲಿಕ್ ಮಾಡಿದಾಗ ಕೀಚ್ ಅಂತ ಶಬ್ದ ಬಂದರೆ ಒಳಗೆ ಎಣ್ಣೆ ಒಣಗಿದೆ ಅಂತ ಅರ್ಥ, ಬೆಲೆ ಇಳಿಸಿ ಕೇಳಿ.

ಹೊಸದೇ ಬೇಕು ಅನ್ನುವವರಿಗೆ 2024ರಲ್ಲಿ ಪೆಂಟಾಕ್ಸ್ 17 ಬಂದಿದೆ. ಅರ್ಧ ಫ್ರೇಮಿನದು, 36ರ ರೀಲಿನಲ್ಲಿ 72 ಫೋಟೋ.

"ಟೆಸ್ಟ್ ಮಾಡಿಲ್ಲ, ಆದ್ರೆ ಕಂಡೀಷನ್ ಚೆನ್ನಾಗಿದೆ" ಅನ್ನುವ ಜಾಹೀರಾತನ್ನು ಕೆಟ್ಟಿದೆ ಅಂತಲೇ ಓದಿಕೊಳ್ಳಿ.

ಯಾವ ರೀಲ್ ಹಾಕಲಿ?

ಮೊದಲ ರೀಲಿಗೆ ಕೊಡಾಕ್ ಗೋಲ್ಡ್ 200 ಅಥವಾ ಕಲರ್‌ಪ್ಲಸ್ 200. ಆ ನಂಬರ್ ಐಎಸ್‌ಒ, ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ. ನಮ್ಮ ಬಿಸಿಲಿಗೆ 200 ಹೇಳಿ ಮಾಡಿಸಿದ್ದು. ಮೀಟರ್ ಇಲ್ಲದಿದ್ದರೆ ಹಳೇ ಸೂತ್ರ ಇದ್ದೇ ಇದೆ: ಹೊಡೆಯುವ ಬಿಸಿಲಿನಲ್ಲಿ ಎಫ್/16, ಸ್ಪೀಡು ಫಿಲ್ಮ್‌ನ ನಂಬರ್‌ಗೆ ಹತ್ತಿರದ್ದು. 200ಕ್ಕೆ 1/250 ಇಟ್ಟರೆ ಆಯಿತು. ಕಪ್ಪು ಬಿಳುಪಿಗೆ ಇಲ್ಫರ್ಡ್ ಎಚ್‌ಪಿ5 ಪ್ಲಸ್ 400 ಅಥವಾ ಕೊಡಾಕ್ ಟ್ರೈ-ಎಕ್ಸ್ 400. ಇವೆರಡೂ ಸಣ್ಣಪುಟ್ಟ ಲೆಕ್ಕ ತಪ್ಪಿದರೂ ಕೈಬಿಡುವುದಿಲ್ಲ. ಸ್ಲೈಡ್ ಫಿಲ್ಮ್ ಮಾತ್ರ ಮೊದಲಿಗೇ ಬೇಡ. ಒಂದು ಸ್ಟಾಪ್ (ಬೆಳಕು ದುಪ್ಪಟ್ಟು ಅಥವಾ ಅರ್ಧ) ಆಚೀಚೆ ಆದರೂ ಎದ್ದು ಕಾಣುತ್ತದೆ, ತೊಳೆಯುವ ಲ್ಯಾಬ್‌ಗಳೂ ಕಡಿಮೆ.

ಸಿನಿಮಾ ಫಿಲ್ಮನ್ನು ಕತ್ತರಿಸಿ ಡಬ್ಬಿಗೆ ತುಂಬಿ ಅಗ್ಗಕ್ಕೆ ಮಾರುವವರಿದ್ದಾರೆ. ಬಣ್ಣ ಚೆನ್ನಾಗಿಯೇ ಬರುತ್ತದೆ. ಆದರೆ ಅಂಥ ಹಲವು ಫಿಲ್ಮ್‌ಗಳ ಬೆನ್ನಿಗೆ ಇಂಗಾಲದ ಕಪ್ಪು ಲೇಪ ಇರುತ್ತದೆ. ಕಲರ್ ನೆಗೆಟಿವ್ ತೊಳೆಯುವ ಮಾಮೂಲಿ ಸಿ-41 ಮಷೀನಿಗೆ ಹಾಕಿದರೆ ಆ ಮಸಿ ಬಿಟ್ಟು ದ್ರಾವಣವೆಲ್ಲ ಕೆಡುತ್ತದೆ, ಆಮೇಲೆ ಬರುವ ಬೇರೆಯವರ ರೀಲುಗಳೂ ಹಾಳು. ಲ್ಯಾಬಿಗೆ ಕೊಡುವಾಗ ಬಾಯಿಬಿಟ್ಟು ಹೇಳಿ.

ಡೇಟು ಮುಗಿದ ರೀಲ್ ನಡೆಯುತ್ತಾ?

ನಡೆಯುತ್ತೆ, ಭರವಸೆ ಇಲ್ಲ. ನೆಗೆಟಿವ್ ಆದರೆ ಹತ್ತು ವರ್ಷಕ್ಕೊಂದು ಸ್ಟಾಪ್ ಬೆಳಕು ಜಾಸ್ತಿ ಕೊಡುವುದು ವಾಡಿಕೆ. ಫ್ರಿಜ್ಜಿನಲ್ಲಿದ್ದ ರೀಲಿಗೂ ಅಟ್ಟದ ಮೇಲೆ ಬೆಂದ ರೀಲಿಗೂ ಅಜಗಜಾಂತರ.

ಮನೆಯಲ್ಲೇ ತೊಳೆಯಬಹುದಾ?

ಕಪ್ಪು ಬಿಳುಪಾದರೆ ಖಂಡಿತ. ಡಾರ್ಕ್ ರೂಮ್ ಬೇಡ. ಬೆಳಕು ನುಗ್ಗದ ಚೀಲದೊಳಗೆ ಕೈ ತೂರಿಸಿ ಫಿಲ್ಮನ್ನು ಸುರುಳಿಗೆ ಸುತ್ತಿ ಟ್ಯಾಂಕಿಗೆ ಹಾಕಿದರೆ ಮಿಕ್ಕಿದ್ದೆಲ್ಲ ಅಡುಗೆಮನೆಯ ಸಿಂಕಿನಲ್ಲೇ ಮುಗಿಯುತ್ತದೆ. ಚಿತ್ರ ಮೂಡಿಸುವ ಡೆವಲಪರ್, ಅದನ್ನು ತಡೆದು ನಿಲ್ಲಿಸುವ ಸ್ಟಾಪ್ ಬಾತ್, ಚಿತ್ರವನ್ನು ಉಳಿಸುವ ಫಿಕ್ಸರ್, ಆಮೇಲೆ ನೀರು. ಪಾತ್ರೆಗಳನ್ನು ಮಾತ್ರ ಅಡುಗೆಗೆ ಮತ್ತೆ ಬಳಸಬೇಡಿ.

ನಮ್ಮಲ್ಲಿ ಕಾಡುವುದು ನೀರಿನ ಬಿಸಿ. ಡಬ್ಬಿಯ ಮೇಲಿನ ಲೆಕ್ಕವೆಲ್ಲ ಸಾಮಾನ್ಯವಾಗಿ 20 ಡಿಗ್ರಿಗೆ ಬರೆದಿರುತ್ತದೆ. ಎಚ್‌ಪಿ5ನ್ನು 400ಕ್ಕೆ ತೆಗೆದು ಕಲಸಿಟ್ಟ ಮೇಲೆ ಮತ್ತೆ ನೀರು ಬೆರೆಸದ ಡಿ-76 ಡೆವಲಪರಿನಲ್ಲಿ ತೊಳೆದರೆ ಏಳೂವರೆ ನಿಮಿಷ. ಬೇಸಗೆಯಲ್ಲಿ ಓವರ್‌ಹೆಡ್ ಟ್ಯಾಂಕಿನ ನೀರು 20 ಡಿಗ್ರಿ ಅನ್ನುವುದು ಕನಸು, ಕರಾವಳಿಯಲ್ಲಂತೂ ಕೇಳಲೇಬೇಡಿ. ಬಿಸಿ ಹೆಚ್ಚಾದಷ್ಟೂ ಸಮಯ ಕಡಿಮೆ ಮಾಡಬೇಕು, ಐದು ನಿಮಿಷಕ್ಕಿಂತ ಕೆಳಗಿಳಿದರೆ ಫಿಲ್ಮ್ ಮೇಲೆ ಮಚ್ಚೆ ಮಚ್ಚೆ ಬರುವ ಸಾಧ್ಯತೆ. ಉಪಾಯ ಸುಲಭ. ಬಕೆಟ್ಟಿನಲ್ಲಿ ನೀರು, ಅದರಲ್ಲಿ ಜಿಪ್ ಕವರಿನೊಳಗೆ ಐಸು, ನಡುವೆ ಡೆವಲಪರ್ ಬಾಟ್ಲಿ. ಐಸನ್ನು ಡೆವಲಪರ್ ಒಳಗೆ ಹಾಕಿದರೆ ಅದು ತೆಳ್ಳಗಾಗುತ್ತದೆ. ಫಿಕ್ಸರ್, ನೀರು ಕೂಡ ಹೆಚ್ಚುಕಡಿಮೆ ಅದೇ ಬಿಸಿಯಲ್ಲಿರಲಿ.

ಕಲರ್ ಕಷ್ಟವಲ್ಲ, ಆದರೆ ಕಟ್ಟುನಿಟ್ಟು. 37.8 ಡಿಗ್ರಿ, ಡೆವಲಪರಿನಲ್ಲಿ 3 ನಿಮಿಷ 15 ಸೆಕೆಂಡ್. ಅರ್ಧ ಡಿಗ್ರಿ ಆಚೀಚೆ ಆದರೂ ಬಣ್ಣದ ಮೇಲೆ ಪರಿಣಾಮ. ತಿಂಗಳಿಗೊಂದು ರೀಲ್ ತೆಗೆಯುವವರಿಗೆ ಲ್ಯಾಬೇ ವಾಸಿ, ಯಾಕೆಂದರೆ ಕಲಸಿಟ್ಟ ದ್ರಾವಣ ಅಷ್ಟು ದಿನ ಬಾಳುವುದಿಲ್ಲ.

ಮಳೆಗಾಲದಲ್ಲಿ ಕ್ಯಾಮೆರಾ ಹೇಗೆ ಕಾಪಾಡೋದು?

ಮಲೆನಾಡು, ಕರಾವಳಿಯವರಿಗೆ ಇದು ಫಿಲ್ಮ್-ಡಿಜಿಟಲ್ ಜಗಳಕ್ಕಿಂತ ದೊಡ್ಡ ವಿಷಯ. ಫಂಗಸ್ಸಿಗೆ ಎರಡೂ ಒಂದೇ. ಚರ್ಮದ ಕೇಸಿನಲ್ಲಿ ಕ್ಯಾಮೆರಾ ಇಡಬೇಡಿ, ಚರ್ಮ ತೇವ ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೊಂದು ಪುಟ್ಟ ತೇವಾಂಶ ಮೀಟರ್ ಇದ್ದರೆ ಸಾಕು. ಮುಳ್ಳು 40-50 ಶೇಕಡಾ ಸುತ್ತ ನಿಲ್ಲಬೇಕು. ಸಿಲಿಕಾ ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಎಲ್ಲಕ್ಕಿಂತ ಒಳ್ಳೇ ಮದ್ದು ಕ್ಯಾಮೆರಾ ಹೊರಗೆ ತೆಗೆದು ಬಳಸುವುದು.

ಫ್ರಿಜ್ಜಿನಿಂದ ತೆಗೆದ ರೀಲನ್ನು ಡಬ್ಬಿಯೊಳಗೇ ಒಂದೆರಡು ಗಂಟೆ ಬಿಡಿ. ತಕ್ಷಣ ತೆರೆದರೆ ಫಿಲ್ಮ್ ಮೇಲೆ ನೀರು ಕೂರುತ್ತದೆ.

ವಿಮಾನದಲ್ಲಿ ರೀಲ್ ತಗೊಂಡು ಹೋಗಬಹುದಾ?

ಚೆಕ್-ಇನ್ ಬ್ಯಾಗಿಗೆ ಯಾವತ್ತೂ ಹಾಕಬೇಡಿ. ಕೈಚೀಲದಲ್ಲಿಡಿ. ಹಳೇ ಎಕ್ಸ್-ರೇ ಮಷೀನಿನಲ್ಲಿ ಒಂದೆರಡು ಸಲ ಹೋದರೆ 400ರ ರೀಲಿಗೆ ಏನೂ ಆಗುವುದಿಲ್ಲ. ಹೊಸ ಸಿ.ಟಿ. ಸ್ಕ್ಯಾನರ್ ಹಾಗಲ್ಲ, ಒಂದೇ ಸಲಕ್ಕೆ ಹಾಳು ಮಾಡಬಲ್ಲದು. ಡಬ್ಬಿಗಳನ್ನು ಪಾರದರ್ಶಕ ಕವರಿನಲ್ಲಿಟ್ಟು, ಕೈಯಲ್ಲೇ ನೋಡಿ ಅಂತ ಮರ್ಯಾದೆಯಿಂದ ಕೇಳಿ. ಒಪ್ಪುವುದೂ ಬಿಡುವುದೂ ಅಲ್ಲಿರುವವರ ಮೇಲೆ ನಿಂತಿದೆ.

ಮದುವೆಯನ್ನು ಫಿಲ್ಮ್‌ನಲ್ಲಿ ತೆಗೆಸಬಹುದಾ?

ಮುಖ್ಯ ಕೆಲಸ ಡಿಜಿಟಲ್‌ಗೇ ಬಿಡಿ. ಧಾರೆ ಎರಡನೇ ಸಲ ನಡೆಯುವುದಿಲ್ಲ. ಎರಡು ಕಾರ್ಡ್ ಹಾಕುವ ಕ್ಯಾಮೆರಾ ಇದ್ದರೆ ತೆಗೆದ ಕೂಡಲೇ ಎರಡು ಪ್ರತಿ. ಫಿಲ್ಮ್‌ನಲ್ಲಿ ರೀಲ್ ಸರಿಯಾಗಿ ಸುತ್ತಿಕೊಂಡಿದೆಯೋ ಇಲ್ಲವೋ ಅನ್ನುವುದೂ ಆಮೇಲಿನ ಮಾತು. ಛತ್ರದ ಬೆಳಕೂ ಒಂದು ಕಾಟ. ಒಂದು ಮೂಲೆಯಲ್ಲಿ ಹಳದಿ ಬಲ್ಬು, ಇನ್ನೊಂದರಲ್ಲಿ ಟ್ಯೂಬ್ ಲೈಟು, ವೇದಿಕೆಯಲ್ಲಿ ನೇರಳೆ ಎಲ್‌ಇಡಿ. ಹಗಲಿಗೆ ಮಾಡಿದ ಫಿಲ್ಮ್‌ನಲ್ಲಿ ಇದೆಲ್ಲ ಬೆರೆತು ಮುಖಕ್ಕೆ ಬಡಿಯುತ್ತದೆ.

ಅರಿಶಿನ ಶಾಸ್ತ್ರಕ್ಕೆ, ಹಿಂದಿನ ದಿನ ಚಪ್ಪರ ಕಟ್ಟುವಾಗ, ಬೆಳಗಿನ ಬೆಳಕಲ್ಲಿ ಒಂದೆರಡು ರೀಲ್ ಹಾಕುವುದು ಚೆಂದ. ಕಪ್ಪು ಬಿಳುಪಾದರೆ ಇನ್ನೂ ಚೆಂದ.

ಪಕ್ಷಿ, ಕಾಡುಪ್ರಾಣಿಗೆ?

ಡಿಜಿಟಲ್, ಎರಡನೇ ಮಾತಿಲ್ಲ. ಕಬಿನಿಯಲ್ಲಿ ಸಂಜೆ ಆರಕ್ಕೆ ಚಿರತೆ ಕಂಡರೆ ಐಎಸ್‌ಒ 6400 ಬೇಕಾಗಬಹುದು, ಸೆಕೆಂಡಿಗೆ ಹತ್ತು ಫೋಟೋ ಬೇಕಾಗಬಹುದು. ಹತ್ತರ ವೇಗದಲ್ಲಿ ಒಂದು ರೀಲ್ ಮುಗಿಯಲು ನಾಲ್ಕು ಸೆಕೆಂಡೂ ಬೇಡ.

ಹಾಗಾದರೆ ಮೊದಲಿನವರು ಏನು ಮಾಡುತ್ತಿದ್ದರು? ಬೆಂಗಳೂರಿನ ಒ.ಸಿ. ಎಡ್ವರ್ಡ್ಸ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅಂಥವರು ವನ್ಯಜೀವಿಗಳನ್ನು ತೆಗೆದದ್ದು ಫಿಲ್ಮ್‌ನಲ್ಲೇ. ಕಡಿಮೆ ಬೆಳಕಿಗೂ ಸಾಕಾಗುವ ವೇಗದ ಫಿಲ್ಮ್ ಇಲ್ಲದ ಕಾಲದಲ್ಲಿ ಪ್ರಾಣಿ, ಪಕ್ಷಿ ಎಲ್ಲಿಗೆ ಬರುತ್ತದೆ ಅಂತ ಮೊದಲೇ ತಿಳಿದು, ಮರೆ ಕಟ್ಟಿಕೊಂಡು, ಫ್ಲ್ಯಾಶ್ ಹೊಂದಿಸಿ ಕಾಯಬೇಕಿತ್ತು. 1971ರಲ್ಲಿ ಶುರುವಾದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಕೂಟಗಳಲ್ಲಿ ಈ ವಿದ್ಯೆ ಒಬ್ಬರಿಂದ ಒಬ್ಬರಿಗೆ ದಾಟಿತು. ಆಗ ಸಾಮಾನ್ಯವಾಗಿದ್ದ ಗೂಡಿನ ಫೋಟೋಗಳನ್ನು ಈಗ ಅನೇಕ ಸ್ಪರ್ಧೆಗಳು ತೆಗೆದುಕೊಳ್ಳುವುದಿಲ್ಲ. ಹಕ್ಕಿಗೆ ತೊಂದರೆ ಅನ್ನುವುದು ಕಾರಣ, ಸರಿಯಾದ ಕಾರಣವೇ.

ನಕ್ಷತ್ರದ ಫೋಟೋಗೂ ಡಿಜಿಟಲ್ ಮೇಲು. ಕಡಿಮೆ ಬೆಳಕಿನಲ್ಲಿ ಫಿಲ್ಮ್ ಮಂದವಾಗುತ್ತಾ ಹೋಗುತ್ತದೆ. ಮೀಟರ್ 10 ಸೆಕೆಂಡ್ ಅಂದರೆ ಎಚ್‌ಪಿ5ಗೆ 20 ಕೊಡಬೇಕು.

ಯಾವುದು ಜಾಸ್ತಿ ಬಾಳುತ್ತೆ?

ಸರಿಯಾಗಿ ತೊಳೆದ ಕಪ್ಪು ಬಿಳುಪು ನೆಗೆಟಿವ್, ತಂಪಾಗಿ ಒಣಗಿದ ಜಾಗದಲ್ಲಿಟ್ಟರೆ, ನಮ್ಮೆಲ್ಲರಿಗಿಂತ ಜಾಸ್ತಿ ಬಾಳುತ್ತದೆ. ಕಲರ್ ನೆಗೆಟಿವ್ ನಿಧಾನಕ್ಕೆ ಮಾಸುತ್ತದೆ. ಹಳೇ ನೆಗೆಟಿವ್ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಫಿಲ್ಮ್‌ನ ಅಸಿಟೇಟ್ ಪ್ಲಾಸ್ಟಿಕ್ ಕೆಡಲು ಶುರುವಾಗಿದೆ. ಅದನ್ನು ಬೇರೆಯದರಿಂದ ದೂರ ಇಟ್ಟು ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಿ.

ಡಿಜಿಟಲ್ ಫೈಲ್ ಮಾಸುವುದಿಲ್ಲ, ಒಂದು ದಿನ ಇದ್ದಕ್ಕಿದ್ದಂತೆ ಇರುವುದಿಲ್ಲ. ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್, ಮನೆಯಿಂದ ಹೊರಗೆ ಅಥವಾ ಕ್ಲೌಡ್‌ನಲ್ಲಿ ಇನ್ನೊಂದು ಪ್ರತಿ. ಮೊಬೈಲಿನಲ್ಲಿದೆ ಅನ್ನುವುದು ಬ್ಯಾಕಪ್ ಅಲ್ಲ.

ಇನ್ನೊಂದು ವಿಷಯ. ಸ್ಕ್ಯಾನ್ ಕಳಿಸಿ ಆಯ್ತಲ್ಲ ಅಂತ ನೆಗೆಟಿವ್ ವಾಪಸ್ ಕೇಳದವರು ತುಂಬಾ ಜನ. ಕೇಳಿ ತಗೊಳ್ಳಿ. ಹತ್ತು ವರ್ಷ ಬಿಟ್ಟು ಇನ್ನೂ ಒಳ್ಳೇ ಸ್ಕ್ಯಾನರ್ ಬಂದಾಗ ಮತ್ತೆ ಮಾಡಿಸಲು ನಿಮ್ಮ ಹತ್ತಿರ ಏನಾದರೂ ಇರಬೇಕಲ್ಲ?

ಫಿಲ್ಮ್ ಒಂದು ದಿನ ನಿಂತೇ ಹೋಗುತ್ತಾ?

ಸದ್ಯಕ್ಕೆ ಆ ಲಕ್ಷಣ ಇಲ್ಲ. ಆದರೆ ಒಂದೊಂದೇ ಫಿಲ್ಮ್ ಹೋಗುವುದುಂಟು. 1935ರಲ್ಲಿ ಬಂದ ಕೊಡಾಕ್‌ನ ಕಲರ್ ಫಿಲ್ಮ್ ಕೊಡಾಕ್ರೋಮ್ ತಯಾರಿ 2009ರಲ್ಲಿ ನಿಂತಿತು. ಅದನ್ನು ತೊಳೆಯುವ ವಿಧಾನವೇ ಬೇರೆ ಆಗಿದ್ದರಿಂದ 2010ರ ಕೊನೆಗೆ ಅಮೆರಿಕದ ಕಾನ್ಸಾಸ್‌ನ ಕೊನೆಯ ಲ್ಯಾಬೂ ಕೈಬಿಟ್ಟಿತು. ಇವತ್ತು ಸೀಲ್ ಒಡೆಯದ ಕೊಡಾಕ್ರೋಮ್ ಸಿಕ್ಕರೂ ಬಣ್ಣದಲ್ಲಿ ತೊಳೆಯುವ ಅಂಗಡಿ ಇಲ್ಲ. 1975ರಲ್ಲಿ ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿ ಮಾಡಿದ್ದು ಕೊಡಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್. ಅದೇ ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಆದರೂ ನಿಂತುಹೋಗಿದ್ದ ಎಕ್ಟಾಕ್ರೋಮ್ ಸ್ಲೈಡ್ ಫಿಲ್ಮನ್ನು 2018ರಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು.

ನಮ್ಮ ಪಕ್ಕದ ಊಟಿಯಲ್ಲೇ ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ "ಇಂದು" ಹೆಸರಿನ ಫಿಲ್ಮ್ ಮಾಡುತ್ತಿತ್ತು. ಅದು ಮುಚ್ಚಿತು. ಈಗ ನಮ್ಮಲ್ಲಿ ಸಿಗುವ ಕೊಡಾಕ್, ಇಲ್ಫರ್ಡ್, ಫ್ಯೂಜಿ ಎಲ್ಲ ಹೊರಗಿನಿಂದ ಬರಬೇಕು. ಡಾಲರ್ ಏರಿದರೆ ರೀಲೂ ಏರುತ್ತದೆ.

ಎರಡನ್ನೂ ಇಟ್ಟುಕೊಳ್ಳುವುದಾದರೆ ಲೆನ್ಸ್ ಹಂಚಿಕೊಳ್ಳಬಹುದಾ?

ಬಹಳಷ್ಟು ಸಲ ಹೌದು. ಪೆಂಟಾಕ್ಸ್‌ನ ಕೆ ಮೌಂಟ್ (ಮೌಂಟ್ ಅಂದರೆ ಲೆನ್ಸ್ ಕೂರುವ ಬಾಯಿ), ನಿಕಾನ್‌ನ ಎಫ್ ಮೌಂಟ್ ಫಿಲ್ಮ್ ಕಾಲದಿಂದಲೂ ಬಂದಿವೆ. ಎಫ್‌ಎಂ2ನ 50 ಎಂಎಂ ಲೆನ್ಸನ್ನು ನಿಕಾನ್ ಡಿಎಸ್‌ಎಲ್‌ಆರ್‌ಗೆ ಹಾಕಬಹುದು, ಫೋಕಸ್ ಮಾತ್ರ ಕೈಯಿಂದ. ಕೆಳದರ್ಜೆಯ ಬಾಡಿಗಳಲ್ಲಿ ಮೀಟರ್ ಕೆಲಸ ಮಾಡದು. ಮಿರರ್‌ಲೆಸ್ ಆದರೆ ಅಡಾಪ್ಟರ್ ಹಾಕಿ ಹೆಚ್ಚುಕಡಿಮೆ ಯಾವ ಹಳೇ ಲೆನ್ಸನ್ನಾದರೂ ಕೂರಿಸಬಹುದು. ಹೊಸ ಲೆನ್ಸ್ ಹಳೇ ಬಾಡಿಗೆ ಹಾಕುವುದು ಕಷ್ಟ, ಅನೇಕದರಲ್ಲಿ ಅಪರ್ಚರ್ ರಿಂಗೇ ಇರುವುದಿಲ್ಲ.

ರೀಲ್ ಸರಿಯಾಗಿ ಕೂತಿದೆಯಾ ಅಂತ ಹೇಗೆ ಗೊತ್ತಾಗುತ್ತೆ?

ಬಾಗಿಲು ಮುಚ್ಚಿದ ಮೇಲೆ ಎಡಗಡೆಯ ರಿವೈಂಡ್ ಗುಬ್ಬಿಯನ್ನು ಬಾಣದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ, ಬಿಗಿ ಸಿಗುವವರೆಗೆ. ಈಗ ಬಲಗಡೆಯ ಲಿವರ್ ಎಳೆಯಿರಿ. ಎಡಗಡೆಯ ಗುಬ್ಬಿ ತಾನಾಗಿ ತಿರುಗಿದರೆ ಫಿಲ್ಮ್ ಓಡುತ್ತಿದೆ. ತಿರುಗದಿದ್ದರೆ ತುದಿ ಸ್ಪೂಲಿನಿಂದ ಜಾರಿದೆ, ಬಾಗಿಲು ತೆರೆದು ಮತ್ತೆ ಸಿಕ್ಕಿಸಿ. ಕೌಂಟರ್ 36 ದಾಟಿ 40 ತೋರಿಸಿದರೂ ಲಿವರ್ ಸಲೀಸಾಗಿ ಬರುತ್ತಿದ್ದರೆ ಅದೇ ಕಥೆ.

ನಡುವೆ ಬಾಗಿಲು ತೆರೆದುಬಿಟ್ಟರೆ ತಕ್ಷಣ ಮುಚ್ಚಿ, ರೀಲನ್ನು ಎಸೆಯಬೇಡಿ. ಕೊನೆಗೆ ತೆಗೆದ ಒಂದಷ್ಟು ಫೋಟೋ ಹೋಗುತ್ತವೆ. ಮೊದಲು ತೆಗೆದವು ಬಲಗಡೆಯ ಸ್ಪೂಲಿನಲ್ಲಿ ಒಂದರ ಮೇಲೊಂದು ಸುತ್ತಿಕೊಂಡಿರುವುದರಿಂದ ಒಳಸುತ್ತಿನವು ಸಾಮಾನ್ಯವಾಗಿ ಉಳಿದಿರುತ್ತವೆ. ಎರಡು ಸಲ ಖಾಲಿ ಕ್ಲಿಕ್ ಮಾಡಿ ಮುಂದುವರಿಸಿ. ಲ್ಯಾಬಿನವರಿಗೆ ಹೀಗಾಗಿದೆ ಅಂತ ಹೇಳಿದರೆ ಬೆಳಕು ತಾಗಿದ ಫ್ರೇಮುಗಳನ್ನೂ ಬಿಡದೆ ಸ್ಕ್ಯಾನ್ ಮಾಡಿಕೊಡುತ್ತಾರೆ.